ನಿಪ್ಪಟ್ಟಿನ ಡಬ್ಬಿಯಲ್ಲಿ ತುರ್ಕಿಗೆ ಹೋದ ಮುಸುಕಿನ ಜೋಳ

ಹೊರಡುವ ಮುನ್ನ

ನಾನು ತುರ್ಕಿ ದೇಶಕ್ಕೆ ಹೋದದ್ದು ಮಣ್ಣು ನೋಡುವುದಕ್ಕೆ. ಮಗಳ ಬಾಣಂತನಕ್ಕೆಂದು ವಿಮಾನ ಹತ್ತಿದವರು, ಮಂಜು ನೋಡಿ ಫೋಟೊ ತೆಗೆಸಿಕೊಂಡು ಬಂದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಮಣ್ಣಿಗಾಗಿ ಹೋದವಳು ದೊಡ್ಡಬೆಳವಂಗಲ ಹೋಬಳಿಯಲ್ಲಿ ನಾನೊಬ್ಬಳೇ ಇರಬೇಕು. ಅದೂ ಜಗಳ ಗೆದ್ದು ಬರಲು ಹೋದದ್ದು.

ಊರಲ್ಲಿ ನನ್ನನ್ನು ಕೋಳಿ ಲಲಿತಮ್ಮ ಅನ್ನುತ್ತಾರೆ. ಮೂರು ಶೆಡ್ಡು ಮೊಟ್ಟೆ ಕೋಳಿ ಸಾಕಿದ್ದೇನೆ. ಫೀಡನ್ನು ಹೊರಗಿನಿಂದ ತರುವುದಿಲ್ಲ. ಮುಸುಕಿನ ಜೋಳ, ಸೋಯಾ ಹಿಂಡಿ, ತೌಡು ಎಲ್ಲವನ್ನೂ ನಮ್ಮ ಗೋಡೌನಿನಲ್ಲೇ ಅರೆದು ಬೆರೆಸುತ್ತೇವೆ. ಈ ಕಸುಬಿನಲ್ಲಿ ನಾನು ಹೆದರುವುದು ಬೂಷ್ಟಿಗೆ. ಜೋಳಕ್ಕೆ ಬೂಷ್ಟು ಹಿಡಿದರೆ ಅದರೊಳಗೆ ಒಂದು ವಿಷ ಹುಟ್ಟುತ್ತದೆ. ಬೂಷ್ಟನ್ನು ಒರೆಸಿದರೂ ವಿಷ ಹೋಗುವುದಿಲ್ಲ. ತಿಂದ ಕೋಳಿಯ ಲಿವರು ಹಳದಿಯಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಇಟ್ಟ ಮೊಟ್ಟೆಯೂ ಸೊರಗಿರುತ್ತದೆ. ಅದಕ್ಕೆಂದೇ ಫೀಡಿಗೆ ಒಂದು ಪುಡಿ ಬೆರೆಸುತ್ತೇವೆ. ಬೈಂಡರ್ ಎಂದು ಅದರ ಹೆಸರು. ಕೋಳಿಯ ಹೊಟ್ಟೆಯಲ್ಲಿ ಅದು ವಿಷವನ್ನು ಹಿಡಿದುಕೊಂಡು ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ ಎನ್ನುವುದು ಲೆಕ್ಕಾಚಾರ.

ಈ ಬೈಂಡರನ್ನು ನನಗೆ ಇಪ್ಪತ್ತು ವರ್ಷದಿಂದ ಕೊಡುತ್ತಿರುವವರು ದೇವನಹಳ್ಳಿ ಪಕ್ಕದ ವಿಜಯಪುರದ ಅನ್ವರ್ ಭಾಯ್. ಅವರ ತಂದೆ ರೇಷ್ಮೆ ಹುರಿ ಮಾಡುತ್ತಿದ್ದರು, ಇವರು ಕೋಳಿ ಔಷಧಿಗಳ ಡೀಲರ್ ಆದರು. ನಮ್ಮ ಮನೆಯ ಎಲ್ಲ ಮದುವೆಗೂ ಬಂದು ಉಂಡು ಹೋದವರು. ಹೀಗಿರುವಾಗ ಒಂದು ವರ್ಷ ನನ್ನ ಮೊದಲನೇ ಶೆಡ್ಡಿನಲ್ಲಿ ಮೊಟ್ಟೆ ಇಳಿಯತೊಡಗಿತು. ಡಾಕ್ಟರು ಸತ್ತ ಕೋಳಿಯನ್ನು ಕುಯ್ದು ನೋಡಿ, "ಫೀಡಲ್ಲಿ ಬೂಷ್ಟಿನ ವಿಷ ಇದೆ" ಎಂದರು. ಬೈಂಡರ್ ಹಾಕಿಯೂ ವಿಷವೇ? ನನಗೆ ತಲೆ ಕೆಟ್ಟುಹೋಯಿತು. ದೊಡ್ಡಬಳ್ಳಾಪುರದಲ್ಲಿ ಪ್ರತಿ ತಿಂಗಳು ಕೋಳಿ ಸಾಕುವವರ ಸಭೆ ಸೇರುತ್ತದೆ. ಅಲ್ಲಿ ಎದ್ದು ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ಅನ್ವರ್ ಭಾಯ್ ಕೊಡ್ತಿರೋದು ಬೈಂಡರ್ ಅಲ್ಲ, ಬರೀ ಮಣ್ಣು! ಹಲ್ಲುಜ್ಜೋಕೆ ಬೇಕಾದ್ರೆ ಇಟ್ಕೊಳ್ಳಿ!"

ಜನ ಬಿದ್ದು ಬಿದ್ದು ನಕ್ಕರು. ನಕ್ಕವರಲ್ಲಿ ಏಳೆಂಟು ಮಂದಿ ಮರುವಾರದಿಂದ ಅವರ ಪುಡಿ ಕೊಳ್ಳುವುದನ್ನೇ ನಿಲ್ಲಿಸಿದರು. ನನ್ನ ಮಾತಿಗೆ ಅಷ್ಟು ಬೆಲೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಒಳಗೊಳಗೇ ಜಂಬವೂ ಬಂತು.

ಅನ್ವರ್ ಭಾಯ್ ಮುಂದಿನ ಸಭೆಗೆ ಬಂದು ನಿಧಾನವಾಗಿ ಎದ್ದು ನಿಂತರು. "ಹೌದಕ್ಕಾ, ಅದು ಮಣ್ಣೇ. ಆದ್ರೆ ಯಾವ ಮಣ್ಣು ಅಂತ ನೋಡ್ಕೊಂಡ್ ಬರೋಣ ಬನ್ನಿ. ಕಂಪನಿಯೋರು ಡೀಲರ್‌ಗಳ್ನ ತುರ್ಕಿಗೆ ಕರ್ಕೊಂಡ್ ಹೋಗ್ತಿದಾರೆ. ಜೊತೇಗೆ ಒಬ್ರು ಗಿರಾಕೀನ ಕರ್ಕೊಂಡ್ ಬನ್ನಿ ಅಂದವ್ರೆ. ಹೊಗಳೋರ್ನ ಕರ್ಕೊಂಡ್ ಹೋಗಿ ಏನ್ ಪ್ರಯೋಜನ? ಬೈಯೋರ್ನೇ ಕರ್ಕೊಂಡ್ ಹೋಗ್ತೀನಿ."

ಎಲ್ಲರ ಕಣ್ಣು ನನ್ನ ಮೇಲೆ. ನಾನು ಬಿಡುತ್ತೇನೆಯೇ? "ಬರ್ತೀನಿ. ತಪ್ಪು ನಂದೇ ಅಂತಾದ್ರೆ ಇದೇ ಜಾಗದಲ್ಲಿ ನಿಂತ್ಕೊಂಡು ಹೇಳ್ತೀನಿ" ಎಂದುಬಿಟ್ಟೆ. ತಪ್ಪು ನನ್ನದಾಗುವ ಸಾಧ್ಯತೆ ಇದೆ ಎಂದು ಆಗ ಕನಸಿನಲ್ಲೂ ಎಣಿಸಿರಲಿಲ್ಲ.

ದೇವನಹಳ್ಳಿ

ವಿಮಾನ ನಿಲ್ದಾಣ ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಇದ್ದರೂ ಅದುವರೆಗೆ ನಾನು ಅಲ್ಲಿಗೆ ಹೋದದ್ದು ಯಾರನ್ನಾದರೂ ಬಿಟ್ಟು ಬರಲು ಮಾತ್ರ. ನನ್ನ ಕೋಳಿಗಳು ಮೊಟ್ಟೆಯೊಡೆದು ಬಂದಾಗಿನಿಂದ ವಿಮಾನದ ಸದ್ದು ಕೇಳಿಕೊಂಡೇ ಬೆಳೆದವು. ಅವಕ್ಕಿರುವ ಧೈರ್ಯ ಅಂದು ನನಗಿರಲಿಲ್ಲ.

ಹೊರಡುವಾಗ ಸೊಸೆ ಪವಿತ್ರಳಿಗೆ ಎರಡು ಮಾತು ಹೇಳಿದ್ದೆ. ಒಂದು, ಕೋಳಿಗೆ ನೀರಿನ ನಲ್ಲಿ ಕಟ್ಟಿಕೊಂಡಿದೆಯೇ ಎಂದು ದಿನಾ ನೋಡು. ಇನ್ನೊಂದು, ಗೋಡೌನಿನ ಲಕ್ಷ್ಮಿಗೆ ಶುಕ್ರವಾರದ ಪೂಜೆ ತಪ್ಪಿಸಬೇಡ, ನಾನು ಮಾಡುವ ಹಾಗೆಯೇ ಮಾಡು, ಮಾಡಿದ ಮೇಲೆ ವೀಡಿಯೊ ಕಳಿಸು. ನಮ್ಮತ್ತೆಯ ಕಾಲದಿಂದ ನಡೆದುಬಂದ ಪೂಜೆ ಅದು. ನಾನು ಊರಲ್ಲಿಲ್ಲ ಎಂದು ಲಕ್ಷ್ಮಿ ಮುನಿಸಿಕೊಂಡರೆ ಯಾರು ಹೊಣೆ?

ಈಗ ನನ್ನ ಕಳ್ಳತನದ ವಿಚಾರ. ನನ್ನ ಹತ್ತಿರ ಒಂದೇ ಥರದ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದರಲ್ಲಿ ನಿಪ್ಪಟ್ಟು. ಇನ್ನೊಂದರಲ್ಲಿ ನನ್ನ ಗೋಡೌನಿನ ಮುಸುಕಿನ ಜೋಳ, ಮೊದಲನೇ ಶೆಡ್ಡಿಗೆ ಹಾಕುವ ಸಾಲಿನ ಮೇಲಿನ ಮೂಟೆಯಿಂದ ತೆಗೆದದ್ದು. ಅದನ್ನು ಕಂಪನಿಯವರ ಲ್ಯಾಬಿನ ಮೇಜಿನ ಮೇಲೆ ಸುರಿದು, "ಎಲ್ಲಿ, ನಿಮ್ಮ ಪುಡಿ ಇದರ ವಿಷ ಹಿಡಿಯಲಿ ನೋಡೋಣ" ಎಂದು ಎದೆ ಸೆಟೆಸಿ ಕೇಳುವುದು ನನ್ನ ಯೋಜನೆ. ಪರದೇಶಕ್ಕೆ ಕಾಳು ಒಯ್ಯುವುದು ತಪ್ಪು ಎಂದು ಆಮೇಲೆ ಗೊತ್ತಾಯಿತು. ನೀವು ಯಾರೂ ಹಾಗೆ ಮಾಡಬೇಡಿ.

ತೂಕದ ಯಂತ್ರದ ಮೇಲಿಟ್ಟಾಗ ನನ್ನ ಸೂಟ್‌ಕೇಸು ಹೆಚ್ಚು ತೂಗಿತು. ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿಯ ಮಹಿಮೆ. ಡಬ್ಬಿಗಳನ್ನು ಹೊರಗೆ ತೆಗೆದೆ.

"ಕೊಡಿ ಅಕ್ಕಾ, ನನ್ ಬ್ಯಾಗ್‌ನಲ್ಲಿ ಜಾಗ ಇದೆ. ಏನಿದು?" ಎಂದರು ಅನ್ವರ್ ಭಾಯ್.

"ನಿಪ್ಪಟ್ಟು."

"ಎರಡೂನೂ?"

"ಎರಡೂನೂ. ಕೆಂಪು ದಾರ ಕಟ್ಟಿರೋದನ್ನ ಮಾತ್ರ ಕೊನೇಗ್ ತೆಗೀಬೇಕು, ಸ್ಪೆಷಲ್ಲು."

ಪಾಪ, ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಜೋಪಾನವಾಗಿ ಬಟ್ಟೆಯ ನಡುವೆ ಇಟ್ಟುಕೊಂಡರು. ನಾನು ಕಿಟಕಿಯ ಪಕ್ಕ ಕೂತು, ಕೆಳಗೆ ನಮ್ಮ ಶೆಡ್ಡಿನ ತಗಡು ಕಾಣುತ್ತದೆಯೇ ಎಂದು ನೋಡುತ್ತಾ ನಗು ತಡೆದುಕೊಂಡೆ.

ಇಸ್ತಾಂಬುಲ್

ನಮ್ಮ ಗುಂಪಿನಲ್ಲಿ ಆಂಧ್ರ, ತಮಿಳುನಾಡಿನ ಡೀಲರುಗಳು, ಅವರ ಗಿರಾಕಿಗಳು ಸೇರಿ ಹತ್ತು ಮಂದಿ. ಹೆಂಗಸು ನಾನೊಬ್ಬಳೇ. ನಮ್ಮನ್ನು ನೋಡಿಕೊಳ್ಳಲು ಕಂಪನಿಯವರು ಎಲಿಫ್ ಎಂಬ ಹುಡುಗಿಯನ್ನು ಕಳಿಸಿದ್ದರು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಕೇಳಿ, ತಿಳಿಯದ ಅರ್ಧವನ್ನು ಅನ್ವರ್ ಭಾಯ್ ಹತ್ತಿರ ತಿಳಿದುಕೊಳ್ಳುತ್ತಿದ್ದೆ. ಜಗಳ ಜಗಳವೇ, ಭಾಷಾಂತರ ಭಾಷಾಂತರವೇ.

ಅನ್ವರ್ ಭಾಯ್‌ಗೆ ಮಾತ್ರ ನೆಂಟರ ಮನೆಗೆ ಬಂದಷ್ಟು ಖುಷಿ. ಅಂಗಡಿಯವನು ಸಾಬೂನಿಗೆ ಸಾಬೂನ್ ಎಂದಾಗ, ವಾರಕ್ಕೆ ಹಫ್ತಾ ಎಂದಾಗ, "ನೋಡಿದ್ರಾ ಅಕ್ಕಾ, ನಮ್ ಮಾತೇ!" ಎಂದು ಹಿಗ್ಗುತ್ತಿದ್ದರು. ಅದೇ ಧೈರ್ಯದಲ್ಲಿ ಹೋಟೆಲಿನವನ ಹತ್ತಿರ ವಿಜಯಪುರದ ಉರ್ದುವಿನಲ್ಲಿ ಬಿಸಿನೀರು ಕೇಳಿದರು. ಅವನು ತಲೆಯಾಡಿಸಿಕೊಂಡು ಹೋಗಿ ಇಸ್ತ್ರಿಪೆಟ್ಟಿಗೆ ತಂದುಕೊಟ್ಟ.

ನನ್ನ ಪಾಡು ಚಹಾದ ಹತ್ತಿರ ಕೆಟ್ಟಿತು. ಅಲ್ಲಿನ ಚಹಾಕ್ಕೆ ಹಾಲಿಲ್ಲ. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಕೆಂಪಗಿನ ಡಿಕಾಕ್ಷನ್ ಕೊಡುತ್ತಾರೆ. ಕೊಟ್ಟದ್ದನ್ನು ಉಳಿಸಿದರೆ ಮನೆಯವರಿಗೆ ಅವಮಾನ ಎಂದು ಕಲಿತವಳು ನಾನು, ಒಂದೇ ಗುಟುಕಿಗೆ ಮುಗಿಸಿದೆ. ಖಾಲಿ ಲೋಟ ಬಿಟ್ಟರೆ ಅತಿಥಿಗೆ ಅವಮಾನ ಎಂದು ಕಲಿತವರು ಅವರು, ತಕ್ಷಣ ತುಂಬಿಸಿದರು. ಹೀಗೆ ಮರ್ಯಾದೆಗೆ ಮರ್ಯಾದೆ ಕೊಡುತ್ತಾ ಹನ್ನೊಂದು ಲೋಟ ಆಯಿತು. ಸಾಕು ಎನ್ನಬೇಕಾದರೆ ಚಮಚವನ್ನು ಲೋಟದ ಬಾಯಿಯ ಮೇಲೆ ಅಡ್ಡ ಇಡಬೇಕಂತೆ. ಎಲಿಫ್ ಇದನ್ನು ಹನ್ನೆರಡನೆಯದು ಬಂದ ಮೇಲೆ ಹೇಳಿದಳು.

ಅಲ್ಲಿ ಒಂದು ಮಾತ್ರ ನನಗೆ ತುಂಬ ಹಿಡಿಸಿತು. ಸಪ್ಲೈಯರ್ ಹುಡುಗನ ಕೈಯಿಂದ ಬ್ರೆಡ್ಡಿನ ತುಂಡೊಂದು ನೆಲಕ್ಕೆ ಬಿತ್ತು. ಅವನು ಎತ್ತಿಕೊಂಡು ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಯಾರೂ ತುಳಿಯದ ಹಾಗೆ ಕಿಟಕಿಯ ಮೇಲಿಟ್ಟ. ನಾವು ಅನ್ನವನ್ನು ಕಾಲಿಗೆ ಸೋಕಿಸಿದರೆ ಕಣ್ಣಿಗೊತ್ತಿಕೊಳ್ಳುವುದು ನೆನಪಾಗಿ, ಈ ಜನ ನಮ್ಮವರೇ ಎನ್ನಿಸಿತು.

ಕರಿ ಸಮುದ್ರದ ದಂಡೆ

ಮಣ್ಣಿನ ಗಣಿ ಇರುವುದು ದೂರದ ಕರಿ ಸಮುದ್ರದ ಕಡೆ. ಸಮುದ್ರ ಕರ್ರಗೇನೂ ಇರಲಿಲ್ಲ, ನಮ್ಮ ಕೆರೆ ಕೋಡಿ ಬಿದ್ದಾಗಿನ ಬೂದು ಬಣ್ಣ. ಇನ್ನೊಂದು ವಿಮಾನದಲ್ಲಿ ಹೋಗಿ ಬಸ್ಸು ಹತ್ತಿದೆವು. ಹತ್ತಿ ಕೂತ ತಕ್ಷಣ ಕಂಡಕ್ಟರನಂಥ ಒಬ್ಬ ಬಂದು ಬಾಟಲಿ ಹಿಡಿದು ನಿಂತ. ಎಲ್ಲರೂ ಅಂಗೈ ಒಡ್ಡಿದರು. ನಾನೂ ಬಲಗೈ ಗುಳಿ ಮಾಡಿ, ಎಡಗೈ ಕೆಳಗಿಟ್ಟು ಒಡ್ಡಿದೆ. ತಣ್ಣಗಿನ ನಿಂಬೆಹಣ್ಣಿನ ವಾಸನೆಯ ನೀರು ಬಿತ್ತು. ಯಾರಾದರೂ ಹೀಗೆ ಅಂಗೈಗೆ ನೀರು ಹಾಕಿದರೆ ನಮಗೆ ಗೊತ್ತಿರುವುದು ಒಂದೇ. ಕಣ್ಣಿಗೊತ್ತಿಕೊಂಡು ಕುಡಿದುಬಿಟ್ಟೆ, ಉಳಿದದ್ದನ್ನು ತಲೆಗೆ ಸವರಿಕೊಂಡೆ.

ಗಂಟಲು ಹತ್ತಿ ಉರಿಯಿತು. ಕಣ್ಣಲ್ಲಿ ನೀರು. ಅದು ಕೈಗೆ ಹಚ್ಚಿಕೊಳ್ಳುವ ಸೆಂಟು.

"ಅಕ್ಕಾ, ಅದ್ರಲ್ಲಿ ಮುಕ್ಕಾಲು ಸ್ಪಿರಿಟ್ಟು!" ಎಂದು ಅನ್ವರ್ ಭಾಯ್ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟರು. "ಐವತ್ತೆಂಟು ವರ್ಷ ಮುಟ್ದೇ ಇದ್ದೋರು, ಬಸ್ಸಲ್ಲಿ ಸುರು ಮಾಡ್ಕೊಂಡ್ರಲ್ಲಾ!"

"ಊರಲ್ಲಿ ಹೇಳಿದ್ರೆ ನೋಡಿ ಮತ್ತೆ" ಎಂದೆ. ಅವರು ಊರಲ್ಲಿ ಹೇಳಲಿಲ್ಲ. ನಾನೇ ಈಗ ಬರೆಯುತ್ತಿದ್ದೇನೆ.

ಎಲಿಫಳ ತಾಯಿಯ ಮನೆ ದಾರಿಯಲ್ಲೇ ಇತ್ತು. ಹೇಜಲ್ ನಟ್ ಎಂಬ ಗೋಲಿಯಷ್ಟು ಗುಂಡನೆಯ ಕಾಯಿ ಬೆಳೆಯುವ ಹಳ್ಳಿ. ನಮ್ಮ ಕಡೆ ರಸ್ತೆಗೆ ರಾಗಿ ಹುಲ್ಲು ಹರಡಿ ಬಸ್ಸು ಲಾರಿಗಳಿಂದ ತುಳಿಸುತ್ತಾರಲ್ಲ, ಅವರು ರಸ್ತೆ ಬದಿಗೂ ಅಂಗಳಕ್ಕೂ ಕಾಯಿ ಹರಡಿ ಒಣಗಿಸುತ್ತಾರೆ. ನಾವು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಮಳೆ ಹನಿಯಿತು. ಎಲಿಫಳ ತಾಯಿ ಕಿರುಚಿಕೊಂಡು ಹೊರಗೆ ಓಡಿದರು. ನಾನೂ ಸೀರೆ ಎತ್ತಿ ಕಟ್ಟಿ ಓಡಿದೆ. ಟಾರ್ಪಾಲಿನ ಒಂದು ಮೂಲೆ ನಾನು, ಇನ್ನೊಂದು ಮೂಲೆ ಅನ್ವರ್ ಭಾಯ್ ಹಿಡಿದು ಕಾಯಿಗಳನ್ನೆಲ್ಲ ಮುಚ್ಚಿದೆವು. ಟಾರ್ಪಾಲಿನ ಅಂಚಿನಲ್ಲಿ ಒಂದಿಷ್ಟು ಕಾಯಿ ನೆನೆದಿದ್ದವು. ನಾನು ಎಲಿಫಳನ್ನು ನಿಲ್ಲಿಸಿಕೊಂಡು ನನ್ನ ಅರೆಬರೆ ಇಂಗ್ಲಿಷಿನಲ್ಲೇ ಪಾಠ ಮಾಡಿದೆ.

"ನಿಮ್ಮಮ್ಮಂಗೆ ಹೇಳು, ನೆಂದಿರೋದನ್ನ ಬೇರೆ ಮಾಡ್ಬೇಕು. ಒಂದ್ ಹನಿ ನೀರು ಸಾಕು, ಬೂಷ್ಟು ಹಿಡ್ಯೋಕೆ. ಕಾಳು ಕಾಯೋರಿಗೆ ನೀರಿನ್ ಮೇಲೆ ಕಣ್ಣಿರ್ಬೇಕು."

ಆ ಮಹಾತಾಯಿ ಭಕ್ತಿಯಿಂದ ತಲೆಯಾಡಿಸಿದರು. ಅನ್ವರ್ ಭಾಯ್ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾದರು. ನನ್ನ ಜ್ಞಾನಕ್ಕೆ ಬೆರಗಾದರು ಎಂದುಕೊಂಡೆ.

ಒಳಗೆ ಕೂತೆವು. ಚಹಾ ಬಂತು, ಈ ಸಲ ನಾನು ಚಮಚವನ್ನು ಮೊದಲೇ ಕೈಯಲ್ಲಿ ಹಿಡಿದು ಕೂತಿದ್ದೆ. ಬರಿಗೈಯಲ್ಲಿ ಬಂದೆವಲ್ಲ ಎಂದು ಅನ್ವರ್ ಭಾಯ್‌ಗೆ ಸಂಕೋಚ. ನಿಪ್ಪಟ್ಟಿನ ಡಬ್ಬಿಯನ್ನು ತಮಿಳುನಾಡಿನವರು ಅದಾಗಲೇ ಖಾಲಿ ಮಾಡಿದ್ದರು. ನಾನು ಕೈ ಚಾಚಿ ತಡೆಯುವಷ್ಟರಲ್ಲಿ ಅನ್ವರ್ ಭಾಯ್ ಇನ್ನೊಂದು ಡಬ್ಬಿ ತೆಗೆದು, ಕೆಂಪು ದಾರ ಬಿಚ್ಚಿ, "ಅಕ್ಕ ಮಾಡಿರೋದು, ಸ್ಪೆಷಲ್ಲು" ಎಂದು ಮುಚ್ಚಳ ತೆಗೆದು ತಟ್ಟೆಗೆ ಬಗ್ಗಿಸಿದರು.

ಗಲಗಲ ಎಂದು ಜೋಳ ಬಿತ್ತು. ಕೆಲವು ಕಾಳಿನ ಮೂತಿಯಲ್ಲಿ ಹಸಿರು ಬೂಷ್ಟು.

ಎಲಿಫಳ ತಾಯಿ ಒಂದು ಕಾಳನ್ನು ಎತ್ತಿ ನೋಡಿದರು, ನನ್ನನ್ನು ನೋಡಿದರು. ಇದು ನಮ್ಮ ದೇಶದ ಶಾಸ್ತ್ರವಿರಬೇಕು ಎಂದುಕೊಂಡೋ ಏನೋ, ನಾಲ್ಕು ಕಾಳನ್ನು ಗೋಡೆಯ ಮೇಲೆ ದೃಷ್ಟಿಗೆಂದು ತೂಗುಹಾಕಿದ್ದ ನೀಲಿ ಮಣಿಯ ಪಕ್ಕದ ಗೂಡಿನಲ್ಲಿಟ್ಟು ಕೈಮುಗಿದ ಹಾಗೆ ಮಾಡಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅನ್ವರ್ ಭಾಯ್ ಒಂದು ಹಿಡಿ ಜೋಳವನ್ನು ಮೂಗಿನ ಹತ್ತಿರ ಹಿಡಿದರು. ಇಪ್ಪತ್ತು ವರ್ಷ ನನ್ನ ಗೋಡೌನಿಗೆ ಬಂದು ಹೋದವರಿಗೆ ಅದು ಎಲ್ಲಿಯ ಜೋಳ ಎಂದು ಹೇಳಬೇಕೇ? ಒಂದೊಂದೇ ಕಾಳನ್ನು ಆರಿಸಿ ಮತ್ತೆ ಡಬ್ಬಿಗೆ ಹಾಕಿ, ದಾರ ಕಟ್ಟಿದರು.

ಬಸ್ಸಿನಲ್ಲಿ ಹೊರಗೆ ನೋಡುತ್ತಲೇ ಹೇಳಿದರು. "ಕೇಳಿದ್ರೆ ನಾನೇ ಹೊತ್ಕೊಂಡ್ ಬರ್ತಿದ್ನಲ್ಲ ಅಕ್ಕಾ. ಸುಳ್ಳ್ಯಾಕೆ?"

ಡಬ್ಬಿಯನ್ನು ಹಿಂದಕ್ಕೆ ಕೊಡುತ್ತಾರೆಂದು ಕಾದೆ. ಕೊಡಲಿಲ್ಲ, ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಮಣ್ಣಿನ ಗುಡ್ಡ

ಬೈಂಡರಿನ ಗಣಿ ಎಂದರೆ ನಾನು ಏನೇನೋ ಎಣಿಸಿದ್ದೆ. ಅದೊಂದು ಬೋಳು ಗುಡ್ಡ. ಕೆನೆ ಬಣ್ಣದ ಜೇಡಿಮಣ್ಣನ್ನು ಯಂತ್ರ ಅಗೆಯುತ್ತಿತ್ತು. ಅದನ್ನು ಬಯಲಲ್ಲಿ ಹರಡಿ ಬಿಸಿಲಿಗೆ ಒಣಗಿಸಿ, ಕಾರ್ಖಾನೆಯಲ್ಲಿ ನುಣ್ಣಗೆ ಅರೆಯುತ್ತಾರೆ. ನಮ್ಮ ಆವತಿ ಬೆಟ್ಟದ ಬುಡದಲ್ಲಿ ನಿಂತ ಹಾಗೇ ಇತ್ತು, ಗಾಳಿ ಮಾತ್ರ ತಣ್ಣಗೆ.

ಯಾರೂ ನೋಡದಾಗ ಒಂದು ಹೆಂಟೆ ಮುರಿದು ನಾಲಿಗೆಗೆ ಹಚ್ಚಿದೆ. ಬಸುರಿಯಾಗಿದ್ದಾಗ ಕದ್ದು ಮಣ್ಣು ತಿಂದ ಅಭ್ಯಾಸ, ಮಣ್ಣನ್ನು ನಾಲಿಗೆಯಲ್ಲೇ ಪರೀಕ್ಷೆ ಮಾಡಬಲ್ಲೆ. ಹೆಂಟೆ ನಾಲಿಗೆಗೆ ಅಂಟಿಕೊಂಡಿತು, ಎಳೆದರೂ ಬರಲಿಲ್ಲ. ಬಾಯಿ ತೆರೆದುಕೊಂಡು ತೊದಲುತ್ತಾ ನಿಂತ ನನ್ನನ್ನು ಅನ್ವರ್ ಭಾಯ್ ನೋಡಿದರು. ಹಿಂದಿನ ದಿನದಿಂದ ಬಿಗಿದಿದ್ದ ಮುಖ ಸಡಿಲವಾಯಿತು.

"ಕುಡೀರಿ" ಎಂದು ನೀರು ಕೊಟ್ಟರು. "ವಿಷಾನೂ ಹಂಗೇ ಹಿಡ್ಕೊಳ್ಳೋದು ಅಕ್ಕಾ. ಹಲ್ಲುಜ್ಜೋಕ್ ಆಗುತ್ತಾ ನೋಡಿ."

ಮಣ್ಣು ಅಸಲಿ ಎನ್ನುವುದು ನನ್ನ ನಾಲಿಗೆಗೆ ಗೊತ್ತಾಗಿತ್ತು. ಮನಸ್ಸು ಮಾತ್ರ ಒಪ್ಪಲಿಲ್ಲ. ಮಣ್ಣು ಅಸಲಿ ಇರಬಹುದು, ನಮ್ಮೂರಿಗೆ ಬರುವ ಮೂಟೆ ಕಲಬೆರಕೆ ಇರಬಹುದಲ್ಲ?

ಶುಕ್ರವಾರ

ಲ್ಯಾಬಿನ ಮುಖ್ಯಸ್ಥರು ಕೆಮಾಲ್ ಎಂಬ ದಪ್ಪ ಮೀಸೆಯ ಹಿರಿಯರು. ನಾವು ಹೋದದ್ದು ಶುಕ್ರವಾರ ಮಧ್ಯಾಹ್ನ. ಬಾಗಿಲಲ್ಲೇ ಅನ್ವರ್ ಭಾಯ್ ಡಬ್ಬಿಯನ್ನು ನನ್ನ ಕೈಗಿಟ್ಟರು.

"ನಾನ್ ನಮಾಜ್‌ಗೆ ಹೋಗ್ಬರ್ತೀನಿ. ನೀವೇ ಕೊಡಿ. ನಾನಿದ್ರೆ ಆಮೇಲೆ ಏನೋ ಹೇಳ್ಕೊಟ್ಟೆ ಅಂತೀರ."

ಕೆಮಾಲ್ ಜೋಳವನ್ನು ಬಿಳಿ ತಟ್ಟೆಗೆ ಸುರಿದುಕೊಂಡು, ಒಡೆದು, ಕತ್ತಲೆಯ ಪೆಟ್ಟಿಗೆಯೊಳಗೆ ನೀಲಿ ದೀಪದ ಕೆಳಗಿಟ್ಟರು. ಬಗ್ಗಿ ನೋಡಿದೆ. ಅಲ್ಲಲ್ಲಿ ಕಾಳುಗಳು ಹಸಿರು ಹಳದಿಯಾಗಿ ಹೊಳೆಯುತ್ತಿದ್ದವು. ಆಮೇಲೆ ಪುಡಿ ಮಾಡಿ, ಯಾವುದೋ ದ್ರವದಲ್ಲಿ ಕದಡಿ, ಕಾಗದದ ಪಟ್ಟಿ ಅದ್ದಿದರು. ಇನ್ನೊಂದು ಯಂತ್ರದಲ್ಲಿ ತೇವ ನೋಡಿದರು. ಮೀಸೆ ತಿರುವಿಕೊಂಡು ಕೇಳಿದರು, ಎಲಿಫ್ ಅದನ್ನು ನನಗೆ ತಿಳಿಯುವಷ್ಟು ಸುಲಭದ ಇಂಗ್ಲಿಷಿನಲ್ಲಿ ಹೇಳಿದಳು. ನಿಮ್ಮ ಮೂರು ಶೆಡ್ಡಿಗೂ ಒಂದೇ ಬೈಂಡರೇ?

ಹೌದೆಂದೆ.

ಪುಡಿಯ ಮೂಟೆಯೂ ಒಂದೇ?

ಹೌದು.

ಹಾಗಾದರೆ ಒಂದೇ ಶೆಡ್ಡಿನ ಕೋಳಿಗೆ ಯಾಕೆ ತೊಂದರೆ? ಪುಡಿ ಕೆಟ್ಟದ್ದಾದರೆ ಮೂರೂ ಇಳಿಯಬೇಕಿತ್ತಲ್ಲ?

ಹಳ್ಳಿಯ ಹಸುಗೂಸಿಗೂ ಹೊಳೆಯುವ ಪ್ರಶ್ನೆ. ಇಷ್ಟು ದಿನ ಕೂಗಾಡುತ್ತಿದ್ದ ನನಗೆ ಹೊಳೆದಿರಲಿಲ್ಲ. ಮೊದಲನೇ ಶೆಡ್ಡಿಗೆ ಹೋಗುವುದು ಗೋಡೌನಿನ ಬಾಗಿಲ ಪಕ್ಕದ ಸಾಲಿನ ಜೋಳ, ಉಳಿದೆರಡಕ್ಕೆ ಹಿಂದಿನ ಸಾಲಿನದು ಎಂದು ತಡವರಿಸಿದೆ. ಕೆಮಾಲ್ ತಲೆಯಾಡಿಸಿದರು. ಬೈಂಡರ್ ಎನ್ನುವುದು ಗಾಡಿಯ ಬ್ರೇಕಿದ್ದ ಹಾಗೆ, ಬ್ರೇಕಿದೆ ಎಂದು ಹಳ್ಳಕ್ಕೇ ಓಡಿಸಿದರೆ ಅದೇನು ಮಾಡೀತು? ಈ ಜೋಳದಲ್ಲಿ ತೇವ ವಿಪರೀತ, ವಿಷವೂ ವಿಪರೀತ. ಆ ಸಾಲಿಗೆ ನೀರು ಬೀಳುತ್ತಿದೆ. ಸೂರು ಸೋರುತ್ತದೆಯೇ?

"ಸೋರಲ್ಲ!" ಎಂದೆ ಸಿಟ್ಟಿನಿಂದ. "ನನ್ ಗೋಡೌನ್ ಹೆಂಗಿದೆ ನೋಡ್ರಿ ಬೇಕಾದ್ರೆ."

ಫೋನ್ ತೆಗೆದೆ. ಪವಿತ್ರ ಬೆಳಿಗ್ಗೆ ಕಳಿಸಿದ್ದ ಪೂಜೆಯ ವೀಡಿಯೊ ಇನ್ನೂ ನೋಡಿರಲಿಲ್ಲ. ಗೋಡೌನಿನ ಒಳಗೆಲ್ಲ ಕಾಣುತ್ತದಲ್ಲ ಎಂದು ಅದನ್ನೇ ಹಾಕಿ ಕೆಮಾಲರ ಮುಂದೆ ಹಿಡಿದೆ. ನೋಡಿ ಸೂರು, ಹೊಸ ತಗಡು. ನೋಡಿ ಗೋಡೆ, ಹೋದ ದೀಪಾವಳಿಯಲ್ಲಿ ಸುಣ್ಣ ಹೊಡೆಸಿದ್ದು. ನೋಡಿ ಲಕ್ಷ್ಮಿಯ ಫೋಟೊ, ಸುಣ್ಣ ಹೊಡೆಸಿದಾಗ ಹೊಸ್ತಿಲ ಮೇಲಿಂದ ತೆಗೆದು ಜೋಳದ ಸಾಲಿನ ಮೇಲೆ ಚೆಂದಾಗಿ ಕಾಣಲೆಂದು ಹಾಕಿದ್ದು. ನನ್ನ ಸೊಸೆ ಹೂ ಮುಡಿಸಿದಳು, ಊದುಬತ್ತಿ ಹಚ್ಚಿದಳು. ಆಮೇಲೆ ನಾನು ಮಾಡುವ ಹಾಗೆಯೇ, ಒಂದಿಷ್ಟೂ ತಪ್ಪದೆ, ಅರಿಶಿನದ ನೀರಿನ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಮೂಟೆಗಳ ಮೇಲೆ ಎಡದಿಂದ ಬಲಕ್ಕೆ ಪ್ರೋಕ್ಷಣೆ ಮಾಡಿದಳು. ಪ್ಲಾಸ್ಟಿಕ್ ಚೀಲದ ಹೊಲಿಗೆಯಲ್ಲಿ ಹಳದಿ ನೀರು ಇಳಿಯುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಒಳ್ಳೆಯ ಫೋನು ಕೊಡಿಸಿದ್ದೆ ಅವಳಿಗೆ.

ಕೆಮಾಲ್ ಮೀಸೆಯ ಮೇಲಿಂದ ಕೈ ತೆಗೆದರು. ಎಲಿಫ್ ಕೆಳಗೆ ನೋಡಿದಳು. ನಾನು ವೀಡಿಯೊ ನಿಲ್ಲಿಸುವ ಗುಂಡಿ ಹುಡುಕುತ್ತಿದ್ದೆ, ಅದು ಸಿಗದೆ ಮೊದಲಿನಿಂದ ಮತ್ತೆ ಶುರುವಾಯಿತು.

ನಮ್ಮತ್ತೆ ಕಣದಲ್ಲಿ ರಾಗಿಯ ರಾಶಿಗೆ ಮಾವಿನೆಲೆಯಿಂದ ನಾಲ್ಕು ಹನಿ ಚಿಮುಕಿಸುತ್ತಿದ್ದರು. ಕೋಳಿ ಹೆಚ್ಚಾದ ಹಾಗೆ ನನ್ನ ಭಕ್ತಿಯೂ ಹೆಚ್ಚಿ, ಎಲೆಯಿಂದ ಲೋಟಕ್ಕೆ, ಲೋಟದಿಂದ ಚೊಂಬಿಗೆ ಬಂದು ನಿಂತಿತ್ತು. ಫೋಟೊ ಹೊಸ್ತಿಲ ಮೇಲಿದ್ದಾಗ ನೀರು ನೆಲಕ್ಕೆ ಬೀಳುತ್ತಿತ್ತು. ಅದನ್ನು ಸಾಲಿನ ಮೇಲೆ ಹಾಕಿದ ಮೇಲೆ ಮೂಟೆಗೇ ಅಭಿಷೇಕ. ಮೊಟ್ಟೆ ಇಳಿದಷ್ಟೂ ಲಕ್ಷ್ಮಿಗೆ ಮುನಿಸು ಎಂದು ಇನ್ನಷ್ಟು ಸುರಿದಿದ್ದೆ. ಒಂದು ಹನಿ ನೀರು ಸಾಕು ಎಂದು ಪರದೇಶದವರಿಗೆ ಪಾಠ ಹೇಳಿದವಳು ನಾನು.

ಅನ್ವರ್ ಭಾಯ್ ನಮಾಜು ಮುಗಿಸಿ, ಟೋಪಿ ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾ ಬಂದರು. "ಏನಂದ್ರು?"

"ಇನ್ನೂ ನೋಡ್ಬೇಕಂತೆ" ಎಂದೆ.

ಎಲಿಫಳಿಗೆ ಕನ್ನಡ ಬರುವುದಿಲ್ಲ. ಆದರೂ ನಾನು ಸುಳ್ಳು ಹೇಳಿದೆನೆಂದು ಅವಳಿಗೆ ತಿಳಿಯಿತು ಎಂದು ಈಗಲೂ ಅನ್ನಿಸುತ್ತದೆ.

ಹೊರಡುವ ದಿನ

ಊರಿಗೆ ಫೋನ್ ಮಾಡಿ ನಮ್ಮ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನಕ್ಕು ಆಮೇಲೆ ಗಂಭೀರವಾದರು. "ಯಾರ್ಗೂ ಹೇಳ್ಬೇಡ ಕಣೇ. ಸುಮ್ನೆ ಮೂಟೆ ಜಾಗ ಬದಲಾಯ್ಸಿದ್ರಾಯ್ತು. ಸಭೇಲಿ ಮಾನ ಹೋಗುತ್ತೆ." ಹೋಗುವುದು ನನ್ನ ಮಾನ. ಹೇಳದಿದ್ದರೆ ಅನ್ವರ್ ಭಾಯ್‌ದು ಅದಾಗಲೇ ಹೋಗಿರುವುದು ಹೋದ ಹಾಗೆಯೇ. ಎರಡು ದಿನ ಇದನ್ನೇ ತೂಗಿದೆ. ಆ ಕಡೆ ಅವರು ನನ್ನ ಸೂಟ್‌ಕೇಸನ್ನೂ ತಾವೇ ಎಳೆಯುತ್ತಿದ್ದರು.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಎಲಿಫಳ ತಾಯಿ ಮತ್ತೆ ಚಹಾ ಕೊಟ್ಟು ಬೀಳ್ಕೊಟ್ಟರು. ಬಸ್ಸು ಹೊರಟಿತು. ಹಿಂದೆ ನೋಡುತ್ತೇನೆ, ಅವರು ತಂಬಿಗೆ ಹಿಡಿದು ಬಂದು ಬಸ್ಸಿನ ಹಿಂದೆ ರಸ್ತೆಗೆ ಧಾರಾಳವಾಗಿ ನೀರು ಸುರಿದರು. ಹೊರಟವರು ನೀರಿನ ಹಾಗೆ ಸಲೀಸಾಗಿ ಹೋಗಿ, ನೀರಿನ ಹಾಗೆ ಸಲೀಸಾಗಿ ಬರಲಿ ಎಂದು ಅವರ ಪದ್ಧತಿಯಂತೆ. ಇವರಿಗೆ ನೀರನ್ನು ಎಲ್ಲಿ ಸುರಿಯಬೇಕೆಂದು ಗೊತ್ತಿದೆ ಎಂದುಕೊಂಡೆ.

ದೊಡ್ಡಬಳ್ಳಾಪುರ

ಸಭೆಗೆ ಯಾವತ್ತೂ ಬಾರದವರೂ ಅವತ್ತು ಬಂದಿದ್ದರು. ಅನ್ವರ್ ಭಾಯ್ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಲ್ಯಾಬಿನಲ್ಲಿ ಏನಾಯಿತೆಂದು ಅವರು ನನ್ನನ್ನು ಎರಡನೇ ಸಲ ಕೇಳಿರಲೇ ಇಲ್ಲ.

"ಏನ್ ಲಲಿತಮ್ಮಾ, ಮಣ್ಣು ಹೆಂಗಿತ್ತು?" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು.

ಮಾತಾಡಿದರೆ ಬಾಯಿ ಸುತ್ತಿಬಳಸುತ್ತದೆ ಎಂದು ನನಗೆ ಗೊತ್ತಿತ್ತು. ಫೋನಿನಲ್ಲಿ ವೀಡಿಯೊ ಹಾಕಿ ಮುಂದಿನ ಸಾಲಿನವರ ಕೈಗೆ ಕೊಟ್ಟೆ. "ಎಲ್ರೂ ನೋಡ್ಕಳಿ. ನನ್ ಗೋಡೌನು. ಚೊಂಬು ಹಿಡ್ದಿರೋದು ನನ್ ಸೊಸೆ, ಹೇಳ್ಕೊಟ್ಟೋಳು ನಾನು. ಬೂಷ್ಟು ಬಂದಿದ್ದು ಅಲ್ಲಿಂದ. ಅನ್ವರ್ ಭಾಯ್ ಪುಡೀಲಿ ಒಂದ್ ಚಿಟಿಕೆ ತಪ್ಪಿಲ್ಲ. ತಪ್ಪು ನಂದು. ಅವರ್ನ ನಿಮ್ ಮುಂದೆ ಅಂದಿದ್ದೆ, ನಿಮ್ ಮುಂದೇನೇ ಹೇಳ್ತಿದೀನಿ."

ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬರು ನಕ್ಕರು, ಇನ್ನೊಬ್ಬರು ನಗಲು ಹೋಗಿ ಸುಮ್ಮನಾದರು. ಅವರ ಗೋಡೌನಿನಲ್ಲೂ ಚೊಂಬು ಇತ್ತೆಂದು ಕಾಣುತ್ತದೆ.

ಹೊರಗೆ ಬಂದಾಗ ಅನ್ವರ್ ಭಾಯ್ ಸ್ಕೂಟರಿನ ಹತ್ತಿರ ನಿಂತಿದ್ದರು. "ತುರ್ಕೀಲೇ ಹೇಳ್ಬೋದಿತ್ತು ಅಕ್ಕಾ" ಎಂದರು.

"ಧೈರ್ಯ ಬರಲಿಲ್ಲ. ನಿಮ್ಗೆ ಅಲ್ಲೇ ಗೊತ್ತಾಗಿತ್ತಾ?"

"ಅಲ್ಲಿ ಅಲ್ಲ, ಇಲ್ಲೇ. ಫೋಟೊ ಆ ಸಾಲಿನ್ ಮೇಲೆ ಹಾಕ್ದಾಗಿಂದ ಅನುಮಾನ ಇತ್ತು. ಶುಕ್ರವಾರ ಮಾಲು ಇಳ್ಸೋಕೆ ಬಂದಾಗ ಎರಡ್ ಮೂರ್ ಸಲ ಕಣ್ಣಾರೆ ನೋಡಿದ್ದೆ."

"ಮತ್ತೆ ಹೇಳ್ಬಾರ್ದಾಗಿತ್ತಾ? ಅಷ್ಟ್ ಜನದ್ ಮುಂದೆ ಬೈಸ್ಕೊಂಡ್ರಲ್ಲ!"

ಅವರು ಸ್ಕೂಟರಿನ ಕನ್ನಡಿ ಒರೆಸಿದರು. "ನಿಮ್ ದೇವ್ರಿಗೆ ಮಾಡೋ ಪೂಜೆ ಅಕ್ಕಾ. ನೀರ್ ಹಾಕ್ಬೇಡಿ ಅಂತ ನಾನ್ ಹೆಂಗ್ ಹೇಳ್ಲಿ? ಪುಡಿ ಕೆಟ್ಟದ್ದು ಅನ್ಸ್ಕೊಳ್ಳೋದೇ ವಾಸಿ ಅನ್ನಿಸ್ತು."

ಇಪ್ಪತ್ತು ವರ್ಷದಿಂದ ಬಾಯಿಗೆ ಬಂದದ್ದು ಮಾತಾಡಿಕೊಂಡಿದ್ದೇವೆ ಎಂದು ನಾನು ನಂಬಿದ್ದೆ. ಮಾತಾಡುತ್ತಿದ್ದವಳು ನಾನೊಬ್ಬಳೇ. ಹಾಗೆ ನಿಂತಲ್ಲೇ ಅತ್ತುಬಿಟ್ಟೆ. ಅವರು ಗಾಬರಿಯಾಗಿ ಅತ್ತಿತ್ತ ನೋಡಿ, ಜೇಬಿನಿಂದ ಪುಟ್ಟ ಬಾಟಲಿ ತೆಗೆದು ನನ್ನ ಅಂಗೈಗೆ ನಾಲ್ಕು ಹನಿ ಹಾಕಿದರು. ನಿಂಬೆಹಣ್ಣಿನ ವಾಸನೆ.

"ಕುಡೀಬೇಡಿ ಮತ್ತೆ" ಎಂದರು.

ಲಕ್ಷ್ಮಿ ಈಗ ಮತ್ತೆ ಹೊಸ್ತಿಲ ಮೇಲಿದ್ದಾಳೆ. ನೆನೆದ ಸಾಲನ್ನೆಲ್ಲ ತಿಪ್ಪೆಗೆ ಹಾಕಿದೆ. ಮೂಟೆಗಳ ಕೆಳಗೆ ಹಲಗೆ ಹಾಕಿಸಿದೆ. ಪೂಜೆ ಶುಕ್ರವಾರವೇ ನಡೆಯುತ್ತದೆ, ಮೂಟೆಗೆ ಒಣ ಅಕ್ಷತೆ ಮಾತ್ರ. ಮೊದಲನೇ ಶೆಡ್ಡು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ, ಆದರೆ ದಿನದಿಂದ ದಿನಕ್ಕೆ ಬುಟ್ಟಿ ಭಾರವಾಗುತ್ತಿದೆ.

ಹೋದ ಶುಕ್ರವಾರ ಅನ್ವರ್ ಭಾಯ್ ಟೆಂಪೋದಲ್ಲಿ ಮಾಲು ತಂದಿದ್ದರು. ನನಗೆ ಬೇಕಾದಷ್ಟು ಇಳಿಸಿ, ಆವತಿ ಕಡೆ ಇನ್ನೊಬ್ಬರಿಗೆ ಕೊಡಬೇಕೆಂದು ಹೊರಟರು. ಅದು ನನ್ನ ಮಾತು ಕೇಳಿ ಪುಡಿ ಕೊಳ್ಳುವುದನ್ನು ನಿಲ್ಲಿಸಿದ್ದ ಏಳೆಂಟು ಮಂದಿಯಲ್ಲಿ ಒಬ್ಬರ ಮನೆ. ನನಗೆ ಖುಷಿ ತಡೆಯಲಾಗಲಿಲ್ಲ. ಪೂಜೆಯ ಚೊಂಬು ಕೈಯಲ್ಲೇ ಇತ್ತು. ಓಡಿ ಹೋಗಿ, ಎಲಿಫಳ ತಾಯಿ ಮಾಡಿದ ಹಾಗೆ, ಟೆಂಪೋದ ಹಿಂದೆ ಬೀಸಿ ಸುರಿದೆ.

ಟೆಂಪೋ ಗಕ್ಕನೆ ನಿಂತಿತು. ಕಿಟಕಿಯಿಂದ ತಲೆ ಹೊರಗೆ ಬಂತು.

"ಅಕ್ಕೋ! ಹಿಂದ್ಗಡೆ ಮೂಟೆ ಇದೆ, ನೀರ್ ಹಾಕ್ಬೇಡ್ರೀ!"

ಇಡೀ ಬೀದಿಗೆ ಕೇಳುವ ಹಾಗೆ ಬೈದರು. ನಾನು ಖಾಲಿ ಚೊಂಬು ಹಿಡಿದು, ಬಾಯಿ ತುಂಬ ನಗುತ್ತಾ ನಿಂತಿದ್ದೆ.